ಎಂ.ಎಸ್ಸಿ.ಗೆ ಹೊರಟ ವೇದಾವತಿ

ಬಿ.ಎಸ್ಸಿ. ಮುಗಿಸಿದ ಕಟಪಾಡಿಯ ವೇದಾವತಿಗೆ ಆ ಬೇಸಗೆಯಿಡೀ ಒಂದೇ ಮಾತು: ಎಂ.ಎಸ್ಸಿ. ಮಾಡಬೇಕು. ಬಸ್ಸಿನ ಕಂಡಕ್ಟರು "ಎಲ್ಲಿಗೆ?" ಎಂದರೂ "ಎಂ.ಎಸ್ಸಿ.ಗೆ" ಎಂದುಬಿಡುತ್ತಾಳೋ ಎಂದು ನೆರೆಮನೆಯ ನನಗೆ ಭಯ. ಮದುವೆಯ ಸುದ್ದಿ ಎತ್ತಿದರೆ ಅವಳು ತೆಂಗಿನಕಾಯಿ ತುರಿಯುವ ಸದ್ದು ಜೋರಾಗುತ್ತಿತ್ತು. ಅವಳ ಅಪ್ಪ ಮಾತ್ರ ಓದಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಂದು ಭಾನುವಾರ ಪೆರ್ಡೂರಿನಿಂದ ಗಂಡಿನವರು ಬಂದರು. ಕಾಫಿ ಕೊಟ್ಟವಳು ಅಲ್ಲೇ ನಿಂತು, "ನಾನು ಓದಲಿಕ್ಕೆ ಹೋಗುವವಳು" ಎಂದಳು. ಗಂಡಿನ ತಂದೆ, "ಎಂತ ಇದು?" ಎಂದರು. ಅಪ್ಪ ಲೋಟ ಕೆಳಗಿಟ್ಟು, "ಹೌದು, ಅವಳಿಗೆ ಇನ್ನೂ ಓದಲಿಕ್ಕೆ ಉಂಟು" ಎಂದರು. ಗೆದ್ದವಳನ್ನು ನಾನು ಹುಡುಕಿಕೊಂಡು ಹೋದರೆ, ಬಾವಿಕಟ್ಟೆಯಲ್ಲಿ ಒಬ್ಬಳೇ ಕುಳಿತಿದ್ದಳು. "ಇನ್ನು ಹೋಗಲೇಬೇಕಲ್ಲ ಮಾರಾಯ್ತಿ" ಎಂದಳು, "ಅಮ್ಮನನ್ನು ಬಿಟ್ಟು ನಾನು ಒಂದು ರಾತ್ರಿಯೂ ಮಲಗಿದವಳಲ್ಲ."