ಮಾಳಮ್ಮ ಸ್ವಚ್ಛ ಮಾಡಿದ ಮೂಗು

ಹುಣಸಗಿ ಕಡೆಯ ನಮ್ಮ ಊರಿನಲ್ಲಿ ಕೂಸು ಹುಟ್ಟಿದರೆ ಎರೆಯಲು ಮಾಳಮ್ಮನೇ ಬರಬೇಕು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಾಳೆ. ಕೊನೆಗೆ ಮೂಗಿನ ಹೊಳ್ಳೆಗೆ ಹರಳೆಣ್ಣೆಯ ಹನಿ ಬಿಟ್ಟು, ಉಫ್ ಎಂದು ಊದಿ, ಸೀನಿಸಿ, ಬಂದದ್ದನ್ನೆಲ್ಲ ಅರಿವೆಯ ಬತ್ತಿಯಿಂದ ತೆಗೆದರೆ ಕೆಲಸ ಮುಗಿಯಿತು. ನನ್ನ ಮಕ್ಕಳಿಗೂ ಅವಳೇ ಎರೆದವಳು.

ಅವಳ ಗಂಡ ಪರಮಣ್ಣ ಇದ್ದಾಗ ಕಾಲುವೆಯ ಗೇಟು ಕಾಯುತ್ತಿದ್ದ. ದಂಡೆಯ ಅಳತೆಪಟ್ಟಿಯಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ನೋಡಿ ಸಾಹೇಬರಿಗೆ ಹೇಳುವುದು ಅವನ ಕೆಲಸ. ಅವನ ಸಂಗಡ ತಿರುಗಿ ಮಾಳಮ್ಮನಿಗೊಂದು ಚಟ ಹತ್ತಿತ್ತು. ಏನು ಕಂಡರೂ, "ಇದನ್ನ ಹ್ಯಾಂಗ ಅಳೀತಾರ?" ಎನ್ನುವಳು. ಮೋಡ ಕಂಡರೂ ಅದೇ, ಕುರಿಯ ಉಣ್ಣೆ ಕಂಡರೂ ಅದೇ.

ಒಂದು ಚಳಿಗಾಲ ನಮ್ಮ ಪಕ್ಕದ ಮನೆಯ ಚಂದಮ್ಮನ ಎದೆಹಾಲಿನ ಕೂಸಿಗೆ ನೆಗಡಿ ಹಿಡಿಯಿತು. ಆಮೇಲೆ ಕೆಮ್ಮು. ಉಸಿರು ಎಳೆದಾಗಲೆಲ್ಲ ಪಕ್ಕೆಯ ಸಂದು ಒಳಗೆ ಹೋಗತೊಡಗಿತು. ಚಂದಮ್ಮ, ಅವಳ ಅತ್ತೆ ರೇಣಮ್ಮ, ಮಾಳಮ್ಮ, ನಾನು, ನಾಲ್ವರೂ ಬಸ್ಸು ಹತ್ತಿ ಸುರಪುರದ ದವಾಖಾನೆಗೆ ಹೋದೆವು.

ಬಾಗಿಲ ಮುಂದೆ ಮಾಳಮ್ಮ ನಿಲ್ಲಿಸಿದಳು. "ತಡೀರಿ. ಗೊಣ್ಣಿ ಸುರಿಸ್ಕೋಂತ ಡಾಕ್ಟರ್ ಮುಂದ ಹೋದ್ರ ಏನಂದಾರು?" ಸಂಚಿಯಿಂದ ಎಣ್ಣೆಯ ಶೀಶೆ ತೆಗೆದು ಕೂಸಿನ ಮೂಗನ್ನು ಒಳಗೂ ಹೊರಗೂ ಸ್ವಚ್ಛ ಮಾಡಿದಳು. ನಮ್ಮಲ್ಲಿ ಎಲ್ಲರೂ ಹಾಗೇ. ಹೊಸ ಕುಲಾಯಿ ಹಾಕಿ, ಕಣ್ಣಿಗೆ ಕಾಡಿಗೆ ತೀಡಿ, ಬೀಗರ ಮನೆಗೆ ಒಯ್ದಂತೆ ದವಾಖಾನೆಗೆ ಒಯ್ಯುತ್ತೇವೆ.

ಆಗ ಅಲ್ಲಿ ಹೊರಗಿನ ತಂಡವೊಂದು ಬಂದಿತ್ತು. ಕೆಮ್ಮುವ ಕೂಸುಗಳ ಮೂಗಿನಲ್ಲಿ ತೆಳ್ಳಗಿನ ಹತ್ತಿಕಡ್ಡಿ ಆಡಿಸಿ, ಅದರಲ್ಲಿ ವೈರಸ್ ಎಂಬ ಹುಳ ಎಷ್ಟಿವೆ ಎಂದು ಮಷಿನ್ನಿಂದ ಅಳೆಯುತ್ತಿದ್ದರು. ಕಡ್ಡಿ ಹಾಕುವವಳು ಬಳಿಚಕ್ರ ಎಂಬ ಊರಿನ ಹುಡುಗಿ ಹಣಮಮ್ಮ. ನಮ್ಮ ಕೂಸಿಗೂ ಹಾಕಿದಳು. ಡಾಕ್ಟರು ಎದೆಗೆ ಕಿವಿಗೊಳವೆ ಇಟ್ಟು, ಕೂಸು ಇಲ್ಲೇ ಇರಬೇಕು ಎಂದರು.

ಮರುದಿನ ಮಷಿನ್ನಿನ ಲೆಕ್ಕ ಬಂತು. ಹುಳ ಬಹಳ ಕಡಿಮೆ.

ರೇಣಮ್ಮ ಆಗಲೇ ಗಂಟು ಕಟ್ಟಿದಳು. "ಏಳ ಚಂದವ್ವ. ಕಾಲುವಿ ಕೆಳಗ ನೆಲ್ಲು ಕೊಯ್ಯಾಕತ್ತಾರ, ನಾವಿಲ್ಲಿ ಗ್ವಾಡಿ ನೋಡ್ಕೋಂತ ಕುಂತೀವಿ."

"ಎದಿ ಇನ್ನಾ ಒಳಗ ಹೋಗಕತ್ತದ ನೋಡ್ರಿ. ಕೂಸಿನ್ನ ಒಯ್ಯಬ್ಯಾಡ್ರಿ," ಎಂದರು ಡಾಕ್ಟರು.

"ನಿಮ್ಮ ಮಷಿನ್ನೇ ಕಡಿಮಿ ಅಂದದಲ್ರೀ! ಅದೇನು ಸುಳ್ಳು ಹೇಳ್ತದೇನ್ರಿ?"

ಚಂದಮ್ಮ ಕೂಸನ್ನು ಅವಚಿಕೊಂಡು ಅತ್ತೆಯನ್ನೂ ಡಾಕ್ಟರನ್ನೂ ನೋಡಿದಳು. ಮನೆಗೆ ಒಯ್ದರೆ ದಾರಿಯಲ್ಲೇ ಕೂಸಿನ ಉಸಿರು ನಿಂತೀತು ಎಂಬ ಹೆದರಿಕೆ ಅವಳ ಮೋರೆಯ ಮೇಲೆಯೇ ಇತ್ತು. ಆದರೆ ಅತ್ತೆಗೆ ಎದುರಾಡುವ ಬಾಯಿ ಅವಳಿಗೆ ಇರಲಿಲ್ಲ.

ಮಾಳಮ್ಮ ಮಾತ್ರ ತನ್ನ ಚಟ ಬಿಡಲಿಲ್ಲ. ಹಣಮಮ್ಮನ ಹಿಂದೆಯೇ ಹೋದಳು. "ಯವ್ವಾ, ಕಣ್ಣಿಗಿ ಕಾಣದ್ದು ಹ್ಯಾಂಗ ಅಳೀತೀರಿ?"

"ಕಡ್ಡಿಗಿ ಹತ್ತಿದ್ದು ಮಷಿನ್ನಿಗಿ ಇಡ್ತಾರ ಅಜ್ಜಿ. ಹುಳ ರಗಡ ಇದ್ರ ಮಷಿನ್ ಜಲ್ದಿ ಹಿಡೀತದ. ಕಡಿಮಿ ಇದ್ರ ತಡ ಮಾಡಿ ಹಿಡೀತದ."

"ಎದಿಯಾಗಿಂದು?"

"ಎದಿಯಾಗ ಕಡ್ಡಿ ಹೋಗತದೇನಜ್ಜಿ? ಮೂಗಿನಾಗ ಹತ್ತಿದ್ದಷ್ಟೇ ಲೆಕ್ಕ."

ಮಾಳಮ್ಮನಿಗೆ ಗಂಡನ ಕಾಲುವೆ ನೆನಪಾಯಿತು. ಮೇಲಿನವರು ಗೇಟು ಇಳಿಸಿದ ದಿನ ಕೆಳಗೆ ಅಳತೆಪಟ್ಟಿ ಒಣಗಿ ನಿಲ್ಲುತ್ತಿತ್ತು. ಅಣೆಕಟ್ಟಿನಲ್ಲಿ ನೀರು ತುಂಬಿಯೇ ಇರುತ್ತಿತ್ತು. ಅದನ್ನು ಎಷ್ಟು ಸಲ ನೋಡಿದ್ದಳೋ.

"ನಿನ್ನೆ ನೀ ಕಡ್ಡಿ ಹಾಕೂಕಿಂತ ಮೊದಲ, ಬಾಗಲಾಗ, ನಾ ಮೂಗೆಲ್ಲ ಬಳದು ತಗದೀನಿ. ಎಣ್ಣಿ ಹಾಕಿ," ಎಂದಳು ಮೆಲ್ಲಗೆ.

ಹಣಮಮ್ಮ ಹಣೆ ಬಡಿದುಕೊಂಡಳು, ನಗುತ್ತಲೇ. "ನೀ ಉಡುಗಿದ ಅಂಗಳದಾಗ ನಾ ಕಸ ಹುಡುಕೀನಲ್ಲ ಅಜ್ಜಿ!" ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಎಣ್ಣಿ ಮೂಗಿಗಿ ಹಾಕಬ್ಯಾಡ. ಅದು ಜಾರಿ ಎದಿಯೊಳಗ ಇಳೀತದ, ಕೂಸಿಗಿ ಕೇಡು. ಮತ್ತ ಲೆಕ್ಕ ಖರೇನ ಕಡಿಮಿ ಬಂದ್ರೂ ಎದಿ ಒಳಗ ಹೋಗತಿದ್ರ ಮನಿಗಿ ಒಯ್ಯಬಾರದು."

ಊರೆಲ್ಲ ಹೊಗಳಿದ ಕೈ ಅದು. ಮಾಳಮ್ಮ ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ಹಾಗೇ ಬಂದು ರೇಣಮ್ಮನ ಗಂಟಿನ ಮೇಲೆಯೇ ಕುಳಿತುಬಿಟ್ಟಳು.

"ಏಳ ಬೇ, ಬಸ್ ಹೋಗ್ತದ!"

"ಹೋಗಲಿ. ಲೆಕ್ಕ ಕೆಡಿಸಿದಾಕಿ ನಾನು. ಇನ್ನೊಮ್ಮಿ ಕಡ್ಡಿ ಹಾಕ್ತಾರ. ನಾಳಿ ತನಕ ಇರು."

ನಡೆದದ್ದನ್ನೆಲ್ಲ ಕೇಳಿ ರೇಣಮ್ಮ ಸಿಡಿದಳು. "ಬಂಗಾರದ ಕೈ ಅಂತಿದ್ರಲ್ಲ ನಿಂದು!"

"ಅನ್ನಾಕಿ ಅನ್ನವಾ. ಆದ್ರ ಗಂಟು ಕೊಡೂದಿಲ್ಲ."

ಚಂದಮ್ಮ ಆಗ ಬಾಯಿ ಬಿಟ್ಟಳು. "ಅತ್ತಿ, ನಾ ಬರೂದಿಲ್ಲ."

ಬಸ್ಸು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ತುಟಿ ಕಂದಿತು. ಡಾಕ್ಟರು ಓಡಿ ಬಂದು ಆಕ್ಸಿಜನ್ ಹಚ್ಚಿದರು. ಹೊರಟಿದ್ದರೆ ಆ ಹೊತ್ತಿಗೆ ನಮ್ಮ ಬಸ್ಸು ನಡುಬಯಲಿನಲ್ಲಿ ಇರುತ್ತಿತ್ತು. ರೇಣಮ್ಮ ತಾನೇ ಗಂಟು ಬಿಚ್ಚಿ ಮಂಚದ ಕೆಳಗೆ ಸರಿಸಿದಳು. ಮರುದಿನದ ಲೆಕ್ಕದಲ್ಲಿ ಹುಳ ವಿಪರೀತ ಬಂದವು.

ಕೂಸು ಹುಷಾರಾಗಿ ಹೊರಡುವ ಮುಂಚೆ ಹಣಮಮ್ಮ ಮತ್ತೊಮ್ಮೆ ಕಡ್ಡಿ ಹಾಕಿದಳು. ಈ ಸಲ ಮೂಗನ್ನು ಯಾರೂ ಮುಟ್ಟದಂತೆ ಮಾಳಮ್ಮನೇ ಕಾವಲು ಕುಳಿತಿದ್ದಳು. ಲೆಕ್ಕ ಕಡಿಮೆ ಬಂತು.

"ಅಷ್ಟೂ ಹುಳ ಎಲ್ಲಿಗಿ ಹೋದ್ವು?" ಎಂದು ಕೇಳಿದಳು.

"ಕೂಸೇ ಕೊಂದು ಹಾಕ್ಯಾದ ಅಜ್ಜಿ. ಮೈಯಾಗ ಅದಕ್ಕೊಂದು ದಂಡು ಇರ್ತದ."

ಮಾಳಮ್ಮ ನಂಬಲಿಲ್ಲ. ಸುಳ್ಳೆಂದೂ ಅನ್ನಲಿಲ್ಲ.

ಇನ್ನು ತನ್ನನ್ನು ಯಾರು ಕರೆಯುತ್ತಾರೆ ಎಂದುಕೊಂಡು ಅವಳು ಮನೆಯಲ್ಲೇ ಕುಳಿತಿದ್ದಳು. ಮೊದಲು ಕರೆಯಲು ಬಂದವಳು ರೇಣಮ್ಮನೇ. "ಎಣ್ಣಿ ಮೈಗಷ್ಟೇ," ಎಂದು ಬೆರಳು ಆಡಿಸಿದಳು. ಈಗ ದವಾಖಾನೆಗೆ ಹೊರಟವರು ಬಸ್ಸಿಗೆ ಕಾಯುತ್ತ ಕೂಸಿನ ಮೂಗು ಒರೆಸಿದರೆ, "ಬಿಡ, ಅದೂ ನೋಡಾಕ ಬೇಕಾಗ್ತದ!" ಎಂದು ಮಾಳಮ್ಮ ಕೂಗುವುದು ನನ್ನ ಮನೆಯ ತನಕ ಕೇಳುತ್ತದೆ.

ರೇಣಮ್ಮ ಕರೆತಂದ ದಿನ ಅವಳು ಚಂದಮ್ಮನ ಕೂಸಿಗೆ ಎರೆಯುವುದನ್ನು ನೋಡುತ್ತ ನಾನೂ ಕುಳಿತಿದ್ದೆ. ನೀರು ಹೊಯ್ದು ಮುಗಿದ ಮೇಲೆ ಅವಳ ಕೈ ರೂಢಿಯಂತೆ ಕೂಸಿನ ಮೂಗಿನ ಕಡೆ ಹೋಗಿ, ಅಲ್ಲೇ ನಿಂತಿತು. ಕೂಸು ತಾನಾಗಿ ಸೀನಿತು. ಮಾಳಮ್ಮ ಬಗ್ಗಿ ಅದರ ಮೋರೆಯನ್ನೇ ನೋಡುತ್ತ ಕೇಳಿದಳು:

"ಖರೇ ಹೇಳವಾ, ಅಷ್ಟೂ ನೀನ ಕೊಂದೇನ?"