ಬಾಯಲ್ಲೇ ಕತ್ತರಿಸಿದ ಸೀರೆ

ಗಡಿಯಲ್ಲಿ ಯುದ್ಧ ಶುರುವಾಯಿತೆಂದು ಟಿವಿಯವರು ಕಿರುಚುತ್ತಿದ್ದ ವಾರ ಮುಲುಂಡಿನ ನಮ್ಮ ಆಸ್ಪತ್ರೆಗೂ ಜ್ವರ ಬಂತು. ಬಾಂಬು ಬಿದ್ದರೆ ಗಾಯಾಳುಗಳನ್ನು ನೋಡಿಕೊಳ್ಳುವುದು ಹೇಗೆಂದು ನರ್ಸುಗಳಿಗೆಲ್ಲ ನಾಲ್ಕೇ ದಿನದಲ್ಲಿ ಕಲಿಸಬೇಕಂತೆ. ಕ್ಯಾಜುವಾಲ್ಟಿಯಲ್ಲಿ ಕೂದಲು ನೆರೆಸಿಕೊಂಡ ಹಿರಿಯ ಸಿಸ್ಟರ್ ನಾನೇ ಇದ್ದೆನಲ್ಲ, ಕೆಲಸ ನನ್ನ ತಲೆಗೆ ಬಿತ್ತು. ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಗಾಯಾಳುವಿನ ಬಟ್ಟೆ ಕತ್ತರಿಸಿ ತೆಗೆದು ಮೈಯ ಹಿಂದೆ ಮುಂದೆ ನೋಡಬೇಕು, ಅದು ಮೊದಲ ಪಾಠ. ಆದರೆ ಅಭ್ಯಾಸಕ್ಕೆ ಗಾಯಾಳುಗಳಾಗಿ ಮಲಗಿದವರು ನಮ್ಮ ಆಯಾಗಳೇ. ಸುತ್ತ ಗಂಡಸರು ನಿಂತಿರುವಾಗ ಅವರ ಸೀರೆಗೆ ಕತ್ತರಿ ಹಾಕುವುದುಂಟೇ? "ಸುಮ್ನೆ ಬಾಯಲ್ಲಿ 'ಕಟ್ ಮಾಡಿದೆ, ನೋಡಿದೆ' ಅಂತ ಹೇಳಿ ಮುಂದೆ ಹೋಗಿ ಮಾರಾಯ್ರೆ," ಎಂದೆ. ಹಳೆ ಸೀರೆಗಳ ಗಂಟೊಂದು ನನ್ನ ಮನೆಯಲ್ಲೇ ಇತ್ತು. ಉಟ್ಟ ಬಟ್ಟೆಯ ಮೇಲೆ ಅವನ್ನು ಸುತ್ತಿ ಕತ್ತರಿಸಬಹುದಿತ್ತು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಿಲ್ಡಿಂಗಿಗೆ ಬರುತ್ತಾಳಲ್ಲ, ಅವಳಿಗೆಂದು ಎತ್ತಿಟ್ಟಿದ್ದೆ. ಎರಡು ಡಬ್ಬಿಯ ಆಸೆ.

ವಿಜಯಪುರ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ನರ್ಸ್ ಆಗಿ ಸೇರಿದ್ದಳು, ಎಲ್ಲರಿಗಿಂತ ಚುರುಕು. "ಖರೇನ ಕಟ್ ಮಾಡೂದು ಬ್ಯಾಡೇನ್ರಿ ಸಿಸ್ಟರ್?" ಎಂದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ನಿನ್ನ ಸೀರೆ ಕೊಡ್ತೀಯಾ?" ಎಂದು ಹಂಗಿಸಿದೆ. ಎಲ್ಲರೂ ನಕ್ಕರು. ಅವಳು ಮತ್ತೆ ಕೇಳಲಿಲ್ಲ. ಹೇಳಿಕೊಟ್ಟದ್ದನ್ನು ನಾಲ್ಕು ದಿನವೂ ಶ್ರದ್ಧೆಯಿಂದ ಬಾಯಿಪಾಠ ಮಾಡಿದಳು.

ಯುದ್ಧ ನಿಂತಿತು. ಬಾಂಬು ಬೀಳಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಟೆಂಪೋ ಗುದ್ದಿದ ಹೆಂಗಸೊಬ್ಬಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ತೋಳಿನಿಂದ ರಕ್ತ ಚಿಮ್ಮುತ್ತಿತ್ತು. ಡಾಕ್ಟರು ಬೇರೆ ಕೇಸಿನಲ್ಲಿದ್ದರು. ಹುಡುಗಿ ಒಂದು ಕ್ಷಣವೂ ತಡಮಾಡದೆ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದಳು. ನಂತರ, "ಕಟ್ ಮಾಡಿದೆ, ನೋಡಿದೆ," ಎಂದು ಗಟ್ಟಿಯಾಗಿ ಹೇಳಿ ಸಲೈನ್ ಹಚ್ಚಲು ಹೋದಳು. ಕತ್ತರಿ ಅವಳ ಜೇಬಿನಲ್ಲೇ ಇತ್ತು. ಪಕ್ಕದ ಮಂಚದ ಬಳಿ ಇದ್ದ ನನಗೂ ಆ ಮಾತು ಕೇಳಿಸಿತು. ತಲೆ ಎತ್ತಿ ನೋಡಲಿಲ್ಲ. ಕಡುಬಣ್ಣದ ಸೀರೆಯ ಒಳಗೆ ಆ ಹೆಂಗಸಿನ ತೊಡೆಯ ಹಿಂಭಾಗ ಸೀಳಿಹೋಗಿತ್ತು. ಹಾಸಿಗೆ ನೆನೆದು ರಕ್ತ ನೆಲಕ್ಕೆ ಇಳಿದಾಗಲೇ ನಮಗೆ ಗೊತ್ತಾದದ್ದು. ಆಕೆ ಉಳಿಯಲಿಲ್ಲ.

ವಿಚಾರಣೆ ನಡೆಯಿತು. "ಬಟ್ಟೆ ಕತ್ತರಿಸಿ ನೋಡೋದನ್ನ ಕಲಿಸಿದ್ರಾ?" ಎಂದು ಮೇಲಿನವರು ಕೇಳಿದರು.

"ಕಲಿಸಿದ್ದೇನೆ ಸರ್," ಎಂದೆ. ತರಬೇತಿಯ ಹಾಜರಿ ಪಟ್ಟಿಯಲ್ಲಿ ಅವಳ ಸಹಿಯನ್ನೂ ತೋರಿಸಿದೆ.

ಪಕ್ಕದಲ್ಲಿ ನಿಂತಿದ್ದ ಹುಡುಗಿ ನನ್ನ ಮುಖವನ್ನೇ ನೋಡಿದಳು. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ.

"ಸಿಸ್ಟರ್ ಛಲೋನ ಕಲಿಸ್ಯಾರ್ರಿ," ಎಂದಳು. "ನಂದ ತಪ್ಪಾತು."

ವಾರದೊಳಗೆ ಅವಳ ಕೆಲಸ ಹೋಯಿತು. ಅಂದು ತಪ್ಪು ತನ್ನದೆಂದು ಅವಳು ಹೇಳಿದಾಗ ನನಗಾದದ್ದು ಸಮಾಧಾನ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.