ಹಂಚಿನ ಅಂಚಿನ ಹೊಳಪು

ಮುಂಬಯಿಯ ಕುರ್ಲಾದಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿ, ಹಳೆಯ ರೇಡಿಯೋ, ಟೀವಿ ಒಡೆದು ಗುಜರಿಗೆ ಮಾರುವ ಭಂಗಾರ್‌ವಾಲಿಯೊಬ್ಬಳಿದ್ದಳು. ಗುಲ್ಬರ್ಗಾ ಕಡೆಯವಳು. ಬೆಸುಗೆಯ ಸೀಸ ಕರಗಿಸುವಾಗ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಹೊಗೆಗೆ ನಾನು ಕಿಟಕಿ ಮುಚ್ಚಿದರೆ ನಗುವಳು: "ಬೆಂಕಿ ಮುಟ್ಟಿದ್ದೆಲ್ಲಾ ಶುದ್ಧ ರೀ, ಅಕ್ಕಾರ!"

ಒಂದು ಚಳಿಗಾಲ ಆಕೆಯ ಪುಟ್ಟ ಮಗಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು. ಊಟ ಬಿಟ್ಟಳು, ಬಿಳಿಚಿಕೊಂಡಳು. ಜಂತಿನ ಔಷಧಿ ನಾಟಲಿಲ್ಲ. ನಾನು ನೋಡಲು ಹೋದಾಗ ತಾಯಿ ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಹಂಚಿನ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಬೆಳ್ಳಿ ಬಣ್ಣದ ಹನಿಗಳು ಹೊಳೆದವು.

"ಸೀಸಾನೂ ಇದರಲ್ಲೇ ಕಾಯಿಸ್ತೀಯಾ?"

"ಹೂಂ ರೀ. ಆಮ್ಯಾಲ ಚಂದಂಗ ಸುಟ್ಟು ತಗೀತೀನಲ್ಲ."

ಮಗುವಿನ ಜೊತೆ ಹಂಚನ್ನೂ ಮುನಸಿಪಾಲ್ಟಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸೀಸವೇ ಹೊಟ್ಟೆಗೆ ಹೋಗಿದೆ ಎಂದರು. ಸದ್ಯ, ಬೇಗ ಬಂದಿರಿ ಎಂದೂ ಹೇಳಿದರು.

ಹೋಳಿಯ ಹೊತ್ತಿಗೆ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕೂತು ಎರಡನೇ ರೊಟ್ಟಿ ಕೇಳಿದಳು. ನನಗೆ ಜೀವ ಬಂದಂತಾಯಿತು. ತಾಯಿ ಸೀಸ ಕರಗಿಸುವುದನ್ನು ಬಿಟ್ಟಿದ್ದಳು. ರೊಟ್ಟಿಗೆ ಹೊಸ ಹಂಚು ಬಂದಿತ್ತು. ಹಳೆಯದರ ನಟ್ಟನಡುವೆ ಉಳಿಯಿಂದ ಹೊಡೆದು ದೊಡ್ಡ ತೂತು ಮಾಡುತ್ತಿದ್ದಳು.

"ಇದ್ಯಾಕೆ?"

"ಹಂಗ ಭಂಗಾರ್‌ನ್ಯಾಗ ಹಾಕಿದ್ರ ಯಾರರ ಒಯ್ದು ರೊಟ್ಟಿ ಸುಡ್ತಾರ್ರೀ, ಅಕ್ಕಾರ."